ಕಳ್ಳಿ ಎನಿಸಿಕೊಂಡವಳಿಗೆ ವಕೀಲರು ಯಾರು?

(ಮಹಿಳಾ ಸಂಘಟನೆಗಳ ಕಾರ್ಯಕರ್ತೆಯರಿಗಾಗಿ ನಡೆದ ಕಾನೂನು ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ವರದಕ್ಷಿಣೆ ಸಾವು, ಹೊಡೆತ ಬಡಿತ, ಜೀವನಾಂಶ ಎಲ್ಲದರ ಬಗ್ಗೆ ಮಾತಾಡಿದ್ದೀರಿ. ನನ್ನ ವಿಷಯವನ್ನು ಹೇಳಿದಾಗ ಕೆಲವರು ಹುಬ್ಬೇರಿಸಿದ್ದನ್ನು ಕಂಡೆ. ಕಳ್ಳತನದ ಆರೋಪ ಹೊತ್ತವರ ಪರ ವಾದ, ಸೆರೆವಾಸದ ಬದಲಿಗೆ ಪ್ರೊಬೇಷನ್, ಇದೆಲ್ಲ ನಮಗೇಕೆ, ಇದು ವಕೀಲರ ಕೆಲಸವಲ್ಲವೆ ಎಂದು ಕೇಳಬಹುದು. ನಾನು ವಕೀಲಳಲ್ಲ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯ ನಂತರ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕಿಯಾಗಿ ಓಡಾಡುತ್ತಿದ್ದೇನೆ. ನ್ಯಾಯಾಲಯದ ವರಾಂಡದಲ್ಲಿ ಕುಳಿತು ಕಂಡದ್ದನ್ನು, ಕಾಯಿದೆ ಪುಸ್ತಕ ತೆರೆದು ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಗಂಡ ಹೊಡೆದನೆಂದು ಒಬ್ಬ ಹೆಂಗಸು ಬಂದರೆ ನಾವು ರಾತ್ರಿ ಹತ್ತು ಗಂಟೆಗಾದರೂ ಠಾಣೆಗೆ ಹೋಗುತ್ತೇವೆ. ಅದೇ ಹೆಂಗಸನ್ನು ಕೆಲಸದ ಮನೆಯವರು ಉಂಗುರ ಕದ್ದಳೆಂದು ಠಾಣೆಗೆ ಎಳೆದೊಯ್ದರೆ ನಮ್ಮ ಕಾಲು ಹಿಂದೆಗೆಯುತ್ತದೆ. 'ನಿಜವಾಗಿಯೂ ಕದ್ದಿದ್ದರೆ?' ಎಂಬ ಅಳುಕು. ನಮ್ಮಲ್ಲಿ ಅನೇಕರ ಮನೆಯಲ್ಲೂ ಕೆಲಸದವರಿದ್ದಾರೆ, ಆ ಅಳುಕಿನ ಬೇರು ಅಲ್ಲೂ ಇದೆ ಎಂದರೆ ಯಾರೂ ಬೇಸರಿಸಬಾರದು. ಅಡಿಕೆ ಕದ್ದವನೂ ಕಳ್ಳ, ಆನೆ ಕದ್ದವನೂ ಕಳ್ಳ ಎಂದು ಗಾದೆ ಹೇಳುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಅಡಿಕೆ ಯಾವುದು, ಆನೆ ಯಾವುದು, ಕದ್ದವರು ಯಾರು, ಮೊದಲ ಸಲವೋ ಹತ್ತನೆಯ ಸಲವೋ ಎಂದು ಕೇಳಬೇಕೆಂದೇ ಅದು ನ್ಯಾಯಾಧೀಶರಿಗೆ ಹೇಳುತ್ತದೆ. ಕೇಳಿಸುವವರು ಇಲ್ಲದಿದ್ದರೆ ಅವರು ಕೇಳುವುದಿಲ್ಲ, ತೊಂದರೆ ಇರುವುದು ಅಲ್ಲಿ.

ನಾನು ಕಂಡಂತೆ ಕಳ್ಳತನದ ಆರೋಪಕ್ಕೆ ಸಿಕ್ಕುವ ಹೆಂಗಸರಲ್ಲಿ ಹೆಚ್ಚಿನವರು ಮನೆಗೆಲಸದವರು. ಇನ್ನು ಕೆಲವರು ತಾವು ಏನನ್ನೂ ಮುಟ್ಟದೆ ಇದ್ದವರು. ಗಂಡನೋ ಮಗನೋ ತಂದಿಟ್ಟ ಮಾಲು ಮನೆಯ ಟ್ರಂಕಿನಲ್ಲಿ ಸಿಕ್ಕಿತೆಂದು ಕದ್ದ ಮಾಲನ್ನು ಇಟ್ಟುಕೊಂಡ ಆರೋಪ ಹೊತ್ತವರು. ಆ ಅಪರಾಧಕ್ಕೆ ಮಾಲು ಕದ್ದದ್ದೆಂದು ಗೊತ್ತಿರಬೇಕು, ಅಥವಾ ಹಾಗೆ ನಂಬಲು ಕಾರಣವಿರಬೇಕು. ಒಂದೇ ಸೂರಿನಡಿ ಇದ್ದಳೆಂಬುದು ಅದಕ್ಕೆ ಸಾಲದು. ಆದರೆ ಇದನ್ನು ಎದ್ದು ನಿಂತು ಹೇಳುವವರು ಬೇಕಲ್ಲ?

ನಮ್ಮ ದಿನನಿತ್ಯದ ಕೆಲಸಕ್ಕೆ ಹತ್ತಿರದ ಇನ್ನೊಂದು ಬಗೆಯಿದೆ. ಗಂಡನ ಮನೆ ಬಿಟ್ಟು ಬರುವಾಗ ತವರಿನವರು ಹಾಕಿದ್ದ ಸರ, ಬಳೆಗಳನ್ನು ಆಕೆ ಚೀಲದಲ್ಲಿ ಹಾಕಿಕೊಂಡು ಬರುತ್ತಾಳೆ. ಆಕೆ ಕಿರುಕುಳದ ದೂರು ಕೊಡುವ ಮೊದಲೇ ಅತ್ತೆ ಮನೆಯವರು ಕಳವಿನ ದೂರು ಕೊಟ್ಟಿರುತ್ತಾರೆ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನ ಮನೆಯಲ್ಲಿ ಇತ್ತೆಂದ ಮಾತ್ರಕ್ಕೆ ಅದು ಅವರದಾಗುವುದಿಲ್ಲ ಎಂದು ಹೇಳಿದೆ. ತನ್ನದನ್ನು ತಾನು ತೆಗೆದುಕೊಂಡರೆ ಅದು ಕಳವಲ್ಲ. ಅಷ್ಟೇ ಅಲ್ಲ, ತನ್ನದೆಂದು ಪ್ರಾಮಾಣಿಕವಾಗಿ ನಂಬಿ ತೆಗೆದುಕೊಂಡರೂ ಕಳವಾಗುವುದಿಲ್ಲ, ಏಕೆಂದರೆ ಕಳವಿಗೆ ಅಪ್ರಾಮಾಣಿಕ ಉದ್ದೇಶ ಇರಲೇಬೇಕು. ಮದುವೆಯ ಫೋಟೊ, ಅಕ್ಕಸಾಲಿಗರ ರಸೀತಿ, ಉಡುಗೊರೆಗಳ ಪಟ್ಟಿ ಇವೆಲ್ಲ ಇಂಥ ಹೊತ್ತಿನಲ್ಲಿ ಚಿನ್ನದಷ್ಟೇ ಬೆಲೆಯುಳ್ಳವು. 1985ರ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಮದುವೆಯ ಹೊತ್ತಿನಲ್ಲೇ ಬರೆದಿಡಬೇಕು. ಯಾರು ಬರೆಯುತ್ತಾರೆ ಹೇಳಿ! ಮದುವೆಯ ದಿನ ಕಾಗದ ಪೆನ್ನು ಹಿಡಿದು ಕೂತ ಮಾವನನ್ನು ನಾನಂತೂ ಕಂಡಿಲ್ಲ, ಮುಯ್ಯಿಯ ಪುಸ್ತಕ ಬಿಟ್ಟರೆ.

ಇನ್ನು, ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತ ಸಮುದಾಯಗಳ ಹೆಂಗಸರು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ, ಪೊಲೀಸರ ಅನುಮಾನದಲ್ಲೂ ಉಳಿದಿದೆ. ಜಾತ್ರೆಯಲ್ಲಿ ಸರ ಕಳೆದರೆ ಮೊದಲು ಹಿಡಿಯುವುದು ಇವರನ್ನೇ. 2024ರ ಅಕ್ಟೋಬರ್ 3ರಂದು ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಿಮುಕ್ತ ಬುಡಕಟ್ಟುಗಳವರನ್ನು ಪೊಲೀಸರು ಮನಬಂದಂತೆ ಬಂಧಿಸಕೂಡದೆಂದು ನಿರ್ದೇಶಿಸಿದೆ. ಆ ತೀರ್ಪಿನ ಪ್ರತಿ ನಮ್ಮ ಕೈಚೀಲದಲ್ಲಿ ಇರಬೇಕು.

ಈಗ ಠಾಣೆಯ ವಿಷಯಕ್ಕೆ ಬರೋಣ. 2014ರ ಅರ್ನೇಶ್ ಕುಮಾರ್ ತೀರ್ಪು ನಿಮಗೆಲ್ಲ ಗೊತ್ತು. ಅದು ಬಂದಾಗ ನಮ್ಮ ಸಂಘಟನೆಗಳಲ್ಲಿ ಸಿಟ್ಟು ಎದ್ದಿತ್ತು. ಅದು 498ಎ ಪ್ರಕರಣದಿಂದ ಬಂದ ತೀರ್ಪು, ಹೆಂಡತಿಯರು ಕಾನೂನನ್ನು ಅಸ್ತ್ರ ಮಾಡಿಕೊಳ್ಳುತ್ತಿದ್ದಾರೆ ಎಂಬ ಧಾಟಿಯಲ್ಲಿ ಬರೆದದ್ದು. ಆ ಧಾಟಿಯ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಅದರ ನಿರ್ದೇಶನ 498ಎಗೆ ಮಾತ್ರ ಅಲ್ಲ. ಏಳು ವರ್ಷದವರೆಗೆ ಶಿಕ್ಷೆಯಿರುವ ಯಾವ ಅಪರಾಧದಲ್ಲೂ ಪೊಲೀಸರು ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂದು ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸು ಕೊಡಬೇಕು. ಮನೆಯೊಳಗಿನ ಕಳವಿಗೂ ಕೆಲಸದವರು ಮಾಡುವ ಕಳವಿಗೂ ಗರಿಷ್ಠ ಶಿಕ್ಷೆ ಏಳು ವರ್ಷ. ಅಂದರೆ ಈ ತೀರ್ಪು ಕಸ ಗುಡಿಸುವವಳಿಗೂ ಸಲ್ಲುತ್ತದೆ. ಹೆಂಡತಿಗೆ ಹೊಡೆದ ಗಂಡಂದಿರಿಗೆ ನೋಟಿಸು ಸಿಗುತ್ತಿದೆ, ಆಕೆಗೆ ಸಿಗುವುದು ಲಾಕಪ್ಪು. ಗಂಡನ ವಕೀಲರು ತೀರ್ಪನ್ನು ಓದಿಕೊಂಡಿದ್ದಾರೆ, ಆಕೆಗೆ ವಕೀಲರೇ ಇಲ್ಲ. ನಾವು ಬೈದ ತೀರ್ಪನ್ನು ನಾವೇ ಹಿಡಿದುಕೊಂಡು ಠಾಣೆಗೆ ಹೋಗುವುದರಲ್ಲಿ ನನಗೆ ಯಾವ ಮುಜುಗರವೂ ಕಾಣುವುದಿಲ್ಲ.

ಹೆಂಗಸನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭದಲ್ಲಾದರೂ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. 1983ರಲ್ಲೇ ಶೀಲಾ ಬರ್ಸೆ ಪ್ರಕರಣದಲ್ಲಿ, ಹೆಂಗಸರಿಗೆ ಬೇರೆ ಲಾಕಪ್ಪು, ಮಹಿಳಾ ಪೊಲೀಸರ ಕಾವಲು, ಮಹಿಳಾ ಪೊಲೀಸರ ಎದುರಿನಲ್ಲೇ ವಿಚಾರಣೆ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಪೊಲೀಸರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ: 'ಬಂಧಿಸಿಲ್ಲ ಮೇಡಂ, ಸುಮ್ಮನೆ ಕೇಳೋಕೆ ಕರೆಸಿದ್ದೀವಿ.' ರಾತ್ರಿ ಒಂಬತ್ತರವರೆಗೆ ಬೆಂಚಿನ ಮೇಲೆ ಕೂರಿಸುವುದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಆಗ ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ: ಬಂಧಿಸಿಲ್ಲವಾದರೆ ಆಕೆ ಈಗ ಎದ್ದು ಮನೆಗೆ ಹೋಗಬಹುದೆ? ಹೋಗಬಹುದು ಎಂದರೆ ಕರೆದುಕೊಂಡು ಹೊರಡಿ. ಹೋಗುವಂತಿಲ್ಲ ಎಂದರೆ ಅದೇ ಬಂಧನ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಆ ಗಳಿಗೆಯಿಂದಲೇ ಎಂದು ನಮ್ಮ ಪುಸ್ತಕದಲ್ಲಿ ಸಮಯ ಸಹಿತ ಬರೆದುಕೊಳ್ಳಿ.

ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ಎಷ್ಟು ಸಲ ಹೇಳಿದರೂ ಸಾಲದು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆದರೆ ಆ ಹೇಳಿಕೆಯಿಂದ ಮಾಲು ಪತ್ತೆಯಾಯಿತೆಂದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಅದಕ್ಕೇ ಕಳವಿನ ಮೊಕದ್ದಮೆಯ ಜೀವ ಇರುವುದು ಜಪ್ತಿ ಪಂಚನಾಮೆಯಲ್ಲಿ. ಮಾಲು ಎಲ್ಲಿ ಸಿಕ್ಕಿತು, ಯಾರೆದುರು ಸಿಕ್ಕಿತು, ಪಂಚರು ಆ ಬೀದಿಯವರೋ ಠಾಣೆಯ ಎದುರಿನ ಚಹಾ ಅಂಗಡಿಯ ಖಾಯಂ ಸಾಕ್ಷಿಗಳೋ, ಆ ಜಾಗಕ್ಕೆ ಬೇರೆ ಯಾರೂ ಹೋಗಿಬರುವಂತಿರಲಿಲ್ಲವೆ, ಸಿಕ್ಕಿದ ಓಲೆ ದೂರುದಾರರದೇ ಎಂದು ಗುರುತಿಸಿದ್ದು ಹೇಗೆ? ಒಳ್ಳೆಯ ವಕೀಲರು ಈ ಪ್ರಶ್ನೆಗಳನ್ನು ಹಿಡಿದುಕೊಂಡೇ ಮೊಕದ್ದಮೆಯನ್ನು ಬಿಡಿಸಿ ಹಾಕುತ್ತಾರೆ. ಕಳವಾದ ಕೂಡಲೇ ಮಾಲು ಯಾರ ಬಳಿ ಸಿಕ್ಕಿತೋ ಅವರು ಕದ್ದವರೋ, ಕದ್ದದ್ದೆಂದು ತಿಳಿದು ಪಡೆದವರೋ ಇರಬೇಕೆಂದು ನ್ಯಾಯಾಲಯ ಊಹಿಸಬಹುದು. ಊಹಿಸಲೇಬೇಕೆಂದಿಲ್ಲ. ಆ 'ಬಹುದು'ವಿನಲ್ಲಿ ಎಷ್ಟೋ ಹೆಂಗಸರ ಬದುಕು ಇದೆ.

ವಕೀಲರು ಸಿಗುವುದು ಹೇಗೆ ಎಂದು ಯಾರೂ ಚಿಂತಿಸಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನ ಪ್ರಕಾರ ಪ್ರತಿಯೊಬ್ಬ ಹೆಂಗಸಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗಬೇಕು. ಬಂಧನದಲ್ಲಿರುವವರು ಗಂಡಸರಾದರೂ ಅಷ್ಟೇ. ಆರೋಪಿ ಕೇಳಲಿಲ್ಲವೆಂಬ ನೆಪ ನಡೆಯುವುದಿಲ್ಲ: 1981ರ ಖತ್ರಿ ಪ್ರಕರಣದಲ್ಲಿ, ಮೊದಲ ಸಲ ಹಾಜರುಪಡಿಸಿದ ದಿನವೇ ಮ್ಯಾಜಿಸ್ಟ್ರೇಟರು ಈ ಹಕ್ಕನ್ನು ತಿಳಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. 1986ರ ಸುಖ್ ದಾಸ್ ಪ್ರಕರಣದಲ್ಲಿ, ಅರ್ಜಿ ಹಾಕದವರಿಗೂ ವಕೀಲರನ್ನು ಕೊಡದೆ ನಡೆಸಿದ ವಿಚಾರಣೆಯನ್ನೇ ತಳ್ಳಿಹಾಕಿತು. 15100 ಎಂಬ ಸಂಖ್ಯೆಗೆ ಕರೆ ಮಾಡಬಹುದು.

ಜಾಮೀನು ಇನ್ನೊಂದು ಗೋಡೆ. ಆಸ್ತಿಯಿರುವ ಜಾಮೀನುದಾರರನ್ನು ಮನೆಗೆಲಸದವಳು ಎಲ್ಲಿಂದ ತರಬೇಕು? 1978ರಲ್ಲಿ ಮೋತಿ ರಾಂ ಎಂಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯ ತಮ್ಮನ ಜಾಮೀನು ನಡೆಯದೆಂದಿದ್ದರು. ಸುಪ್ರೀಂ ಕೋರ್ಟು ಅದನ್ನು ಖಂಡಿಸಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ಇಷ್ಟು ವರ್ಷ ಕಳೆದರೂ ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಗುಳೆ ಬಂದವಳಿಗೆ 'ಲೋಕಲ್ ಶ್ಯೂರಿಟಿ ತಾ' ಎನ್ನುವುದು ನಿಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕದಿಯದವಳಿಗೂ ಕದ್ದವಳಿಗೂ ಸಲ್ಲುವ ಮಾತು. ಈಗ ಕದ್ದವಳ ಬಗ್ಗೆಯೇ ಮಾತಾಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ನಿರಪರಾಧಿ ಕೆಲಸದವಳ ಕತೆ ಬೇಕಾದಷ್ಟು ಬಂದಿವೆ. ಕಳೆದ ಉಂಗುರ ಕೊನೆಗೆ ಹಾಸಿಗೆಯ ಕೆಳಗೆ ಸಿಗುತ್ತದೆ, ಎಲ್ಲರಿಗೂ ಸಮಾಧಾನ. ಉಂಗುರ ನಿಜವಾಗಿಯೂ ಗಿರವಿ ಅಂಗಡಿಯಲ್ಲಿ ಸಿಕ್ಕಿದರೆ?

2022ರಲ್ಲಿ ನಮ್ಮ ತಾಲ್ಲೂಕಿನಲ್ಲಿ ನಡೆದದ್ದು. ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆಯುತ್ತಿದ್ದ ಹೆಂಗಸು. ಗಂಡ ಬಿಟ್ಟುಹೋಗಿದ್ದ, ಎರಡು ಮಕ್ಕಳು. ಚಿಕ್ಕವನಿಗೆ ಡೆಂಗಿ ಜ್ವರ ಬಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಳು. ಮುಂಗಡ ಕೇಳಿದಳು, 'ಹೋದ ತಿಂಗಳದೇ ತೀರಿಲ್ಲ' ಎಂದರು. ಡಬ್ಬಿಯಲ್ಲಿದ್ದ ಒಂದು ಜೊತೆ ಓಲೆಯನ್ನು ತೆಗೆದು 11,000 ರೂಪಾಯಿಗೆ ಗಿರವಿ ಇಟ್ಟಳು. ಬಿಡಿಸಿ ತಂದು ಇಡುವ ಯೋಚನೆಯಿತ್ತು ಎಂದಳು. ಇದ್ದಿರಬಹುದು. ಕಾನೂನಿಗೆ ಅದರಿಂದ ವ್ಯತ್ಯಾಸವಿಲ್ಲ, ತಾತ್ಕಾಲಿಕವಾಗಿ ತೆಗೆದುಕೊಂಡರೂ ಕಳವು ಕಳವೇ. ಹದಿನೈದು ದಿನಕ್ಕೆ ಗೊತ್ತಾಯಿತು. ಓಲೆ ಸಿಕ್ಕಿತು, ಆಕೆ ಜೈಲಿಗೆ ಹೋದಳು. ಜಾಮೀನಿನ ಆದೇಶವಾದ ಮೇಲೂ ಜಾಮೀನುದಾರರು ಸಿಗದೆ ಒಟ್ಟು ಹತ್ತೊಂಬತ್ತು ದಿನ ಒಳಗಿದ್ದಳು. ಮಕ್ಕಳು ಪಕ್ಕದ ಮನೆಯ ಅಜ್ಜಿಯ ಹತ್ತಿರ.

ಹೊರಗೆ ಬಂದವಳಿಗೆ ವರಾಂಡದಲ್ಲಿ ಯಾರೋ ಬುದ್ಧಿ ಹೇಳಿದರು: 'ತಪ್ಪಾಯ್ತು ಅಂತ ಒಪ್ಕೊಂಡುಬಿಡು, ಒಳಗಿದ್ದಷ್ಟು ದಿನಾನೇ ಶಿಕ್ಷೆ ಅಂತ ಬರೆದು, ದಂಡ ಹಾಕಿ ಕಳಿಸ್ತಾರೆ, ಇನ್ನು ಅಲೆದಾಟ ಇರಲ್ಲ.' ಗೆಳತಿಯರೆ, ನಮ್ಮ ನ್ಯಾಯಾಲಯಗಳಲ್ಲಿ ಬಡವರಿಗೆ ಸಿಗುವ ಕಾನೂನು ಸಲಹೆ ಎಷ್ಟೋ ಸಲ ಇಷ್ಟೇ. ಒಂದು ದಿನದ ಕೂಲಿ ಕಳೆದುಕೊಂಡು ವಾಯಿದೆಗೆ ಬರುವವಳಿಗೆ ಅದು ಸಿಹಿಯಾಗಿಯೇ ಕೇಳಿಸುತ್ತದೆ. ಈಗಂತೂ 20,000 ರೂಪಾಯಿ ಮೀರದ ಕಳವನ್ನು ಸಂಕ್ಷಿಪ್ತ ವಿಚಾರಣೆಯಲ್ಲೇ ಮುಗಿಸುವ ಅವಕಾಶವಿದೆ. ಒಪ್ಪಿಕೊಂಡರೆ ಒಂದು ಬೆಳಗಿನ ಕೆಲಸ. ಅದರ ಬೆಲೆ ಮಾತ್ರ ಯಾರೂ ಹೇಳುವುದಿಲ್ಲ. ತಪ್ಪೊಪ್ಪಿಕೊಂಡ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆಯಲ್ಲದೆ ಅಪರಾಧ ನಿರ್ಣಯದ ಮೇಲೆ ಮೇಲ್ಮನವಿ ಇಲ್ಲ. ಹೆಸರಿನ ಮುಂದೆ ಅಪರಾಧ ನಿರ್ಣಯವೆಂದು ಬರೆದದ್ದು ಅಲ್ಲೇ ಉಳಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ, ಅದೇ ಕಲಮಿನಡಿ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ. ಇವತ್ತು ಐನೂರು ರೂಪಾಯಿ ದಂಡ ಕಟ್ಟಿ ಮನೆಗೆ ಹೋದವಳು ನಾಳೆ ಯಾರೋ ಹೊರಿಸಿದ ಆರೋಪಕ್ಕೆ ವರ್ಷಗಟ್ಟಲೆ ತೆರಬೇಕಾದೀತು.

ಆ ಹೆಂಗಸಿನ ವಿಷಯದಲ್ಲಿ ಕಾನೂನು ನೆರವಿನ ಯುವ ವಕೀಲೆಯೊಬ್ಬರು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯನ್ನು ತೆರೆದರು. ಪ್ರೊಬೇಷನ್ ಕಾಯಿದೆ ಎಂದರೆ ಇದೇ. ಈ ಪದ್ಧತಿಯ ಮೂಲ ಅಮೆರಿಕದ ಬಾಸ್ಟನ್ ನಗರದಲ್ಲಿದೆ. 1841ರಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ಹೊಲಿಯುವವನು ಕುಡಿತದ ಆರೋಪಿಯೊಬ್ಬನಿಗೆ ತಾನೇ ಜಾಮೀನು ನಿಂತು, ಅವನನ್ನು ಸರಿದಾರಿಗೆ ತಂದು ನ್ಯಾಯಾಧೀಶರ ಮುಂದೆ ನಿಲ್ಲಿಸಿದ. ಆಮೇಲೆ ಹೆಂಗಸರಿಗೂ ಮಕ್ಕಳಿಗೂ ಹಾಗೆ ನಿಂತ. ಕಾನೂನು ಓದಿದವನಲ್ಲ ಎಂಬುದನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಕಾಯಿದೆಯ 3ನೆಯ ಕಲಮು ಬಹಳ ಸೊಗಸಾದದ್ದು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯ ಮೇಲೆ ಕಳವು ಸಾಬೀತಾದರೆ, ನ್ಯಾಯಾಲಯ ಸಂದರ್ಭವನ್ನು ನೋಡಿ ಬರೀ ಎಚ್ಚರಿಕೆಯ ಮಾತು ಹೇಳಿ ಬಿಡಬಹುದು. ಯಾವ ಕಳವು ಎಂದು ದಂಡ ಸಂಹಿತೆಯ ಸಂಖ್ಯೆಗಳನ್ನೇ ಕೊಟ್ಟಿದ್ದಾರೆ: 379, 380, 381. ಈ 381 ಎಂದರೆ ಯಜಮಾನರ ವಸ್ತುವನ್ನು ಕೆಲಸದವರು ಕದಿಯುವುದು. 1958ರಲ್ಲಿ ಕಾಯಿದೆ ಬರೆದವರ ಕಣ್ಣ ಮುಂದೆ ಮನೆಗೆಲಸದವರು ಇದ್ದರು ಎಂದಾಯಿತು. ಹೊಸ ಸಂಹಿತೆಯೊಂದಿಗೆ ಇದನ್ನು ಹೋಲಿಸಿ ನೋಡಿ. 5,000 ರೂಪಾಯಿಗಿಂತ ಕಡಿಮೆಯ ಕಳವು, ಮೊದಲ ಸಲ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆಯೇ ಶಿಕ್ಷೆ ಎಂದು 303ರಲ್ಲಿ ಸೇರಿಸಿದ್ದಾರೆ. ಅಂಥ ಸಣ್ಣ ಕಳವು ಜಾಮೀನು ಸಿಗುವ ಅಪರಾಧವೂ ಹೌದು. ಪತ್ರಿಕೆಗಳು ಇದನ್ನು ದೊಡ್ಡ ಸುಧಾರಣೆ ಎಂದು ಹೊಗಳಿದವು. ಆದರೆ ಈ ರಿಯಾಯಿತಿ ಇರುವುದು 303ಕ್ಕೆ ಮಾತ್ರ. ಮನೆಯೊಳಗಿನ ಕಳವು 305, ಕೆಲಸದವರ ಕಳವು 306. ಅಲ್ಲಿ ರಿಯಾಯಿತಿಯೂ ಇಲ್ಲ, ಜಾಮೀನೂ ಹಕ್ಕಿನದಲ್ಲ. ನಾಲ್ಕು ಸಾವಿರದ ಫೋನು ಎತ್ತಿದ ಹುಡುಗನಿಗೆ ಸಮುದಾಯ ಸೇವೆ, ಯಜಮಾನಿತಿಯ ಮನೆಯಿಂದ ಇನ್ನೂರು ರೂಪಾಯಿ ತೆಗೆದವಳಿಗೆ ಏಳು ವರ್ಷದವರೆಗಿನ ಕಲಮು. ಮನೆಗೆಲಸದವಳ ಮಟ್ಟಿಗೆ 1958 ಹೆಚ್ಚು ದಯೆ ತೋರಿತ್ತು. ಸಮಾಧಾನದ ವಿಷಯವೆಂದರೆ ಆ ಕಾಯಿದೆ ಈಗಲೂ ಜೀವಂತವಾಗಿದೆ, ಅದರಲ್ಲಿನ ಹಳೆಯ ಸಂಖ್ಯೆಗಳನ್ನು ಹೊಸ ಕಲಮುಗಳಿಗೆ ಅನ್ವಯಿಸಿಯೇ ಓದಬೇಕು.

4ನೆಯ ಕಲಮು ಇನ್ನೂ ವಿಶಾಲ. ಮರಣದಂಡನೆ ಅಥವಾ ಜೀವಾವಧಿ ಇಲ್ಲದ ಯಾವ ಅಪರಾಧದಲ್ಲೂ ಶಿಕ್ಷೆ ವಿಧಿಸದೆ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮುಚ್ಚಳಿಕೆಗೆ ಜಾಮೀನುದಾರರು ಇರಲೇಬೇಕೆಂದಿಲ್ಲ. ಆದರೆ ಆಕೆಗೋ ಜಾಮೀನುದಾರರಿಗೋ ನೆಲೆಯಾದ ವಾಸವಿರಬೇಕು, ಅಥವಾ ಖಾಯಂ ಕೆಲಸವಿರಬೇಕು. ಬೀದಿಯಲ್ಲಿ ಮಲಗುವವಳಿಗೆ ಇದೇ ದೊಡ್ಡ ತೊಡಕು. ಇಪ್ಪತ್ತೊಂದು ವರ್ಷದೊಳಗಿನವರಾದರೆ 6ನೆಯ ಕಲಮು ಇನ್ನೂ ಗಟ್ಟಿ: ಪ್ರೊಬೇಷನ್ ಅಧಿಕಾರಿಯ ವರದಿ ತರಿಸದೆ, ಕಾರಣ ಬರೆಯದೆ ಅವರನ್ನು ಜೈಲಿಗೆ ಕಳಿಸುವಂತಿಲ್ಲ. ದೊಡ್ಡವರ ವಿಷಯದಲ್ಲೂ, ಪ್ರೊಬೇಷನ್ ಕೊಡಬಹುದಾಗಿದ್ದ ಪ್ರಕರಣದಲ್ಲಿ ಕೊಡದಿದ್ದರೆ ವಿಶೇಷ ಕಾರಣ ಬರೆಯಬೇಕೆಂದು ಕಾರ್ಯವಿಧಾನ ಸಂಹಿತೆ ಹೇಳುತ್ತದೆ. ಹಿಂದೆ ಅದು 361, ಈಗ ನಾಗರಿಕ ಸುರಕ್ಷಾ ಸಂಹಿತೆಯ 402. ವಕೀಲರು ಬಾಯಿ ಬಿಟ್ಟು ಕೇಳಿದರೆ ಈ ಕಲಮು ಕೆಲಸ ಮಾಡುತ್ತದೆ, ಕೇಳದಿದ್ದರೆ ಪುಸ್ತಕದಲ್ಲೇ ಮಲಗಿರುತ್ತದೆ.

ವಕೀಲೆ ಆಕೆಯೊಂದಿಗೆ ಎರಡು ಸಲ ಕೂತು ಎಲ್ಲವನ್ನೂ ವಿವರಿಸಿದರು. ಹೋರಾಡಿದರೆ ಏನಾಗಬಹುದು, ಒಪ್ಪಿಕೊಂಡರೆ ಏನಾಗಬಹುದು, ನ್ಯಾಯಾಧೀಶರು ಪ್ರೊಬೇಷನ್ ಕೊಡಲೇಬೇಕೆಂಬ ಖಾತ್ರಿ ಇಲ್ಲ ಎಂಬುದನ್ನೂ ಸೇರಿಸಿ. ಗಿರವಿ ಚೀಟಿಯ ಮೇಲೆ ಆಕೆಯ ಸಹಿಯಿತ್ತು. ಒಪ್ಪಿಕೊಳ್ಳುತ್ತೇನೆ ಎಂದು ಆಕೆಯೇ ನಿರ್ಧರಿಸಿದಳು. ಒಪ್ಪಿಕೊಂಡ ದಿನವೇ 3 ಮತ್ತು 4ನೆಯ ಕಲಮಿನ ಅರ್ಜಿಯನ್ನೂ, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕೆಂಬ ಕೋರಿಕೆಯನ್ನೂ ಒಟ್ಟಿಗೆ ಇಟ್ಟರು. ವರಾಂಡದ ಬುದ್ಧಿವಾದಕ್ಕೂ ಇದಕ್ಕೂ ಇರುವ ಅಂತರ ಇದೇ.

ನಮ್ಮ ಪಾಲಿನ ಕೆಲಸ ಇದ್ದದ್ದು ವರದಿಯಲ್ಲಿ. ಪ್ರೊಬೇಷನ್ ಅಧಿಕಾರಿಗೆ ಇಡೀ ಜಿಲ್ಲೆಯ ಕೆಲಸ. ಅವರು ಒಮ್ಮೆ ಬಂದು ಅಕ್ಕಪಕ್ಕದವರನ್ನು ಕೇಳಿ ಹೋಗುತ್ತಾರೆ. ಆ ಒಂದು ದಿನ ಪಕ್ಕದವರು ಏನು ಹೇಳಿದರೋ ಅದೇ ವರದಿ. ಗಂಡನಿಲ್ಲದವಳ ಬಗ್ಗೆ ಬೀದಿ ಏನು ಹೇಳುತ್ತದೆಂದು ನಿಮಗೆ ಗೊತ್ತೇ ಇದೆ. 'ನಡತೆ' ಎಂಬ ಮಾತು ಕಾಯಿದೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ, ಬೀದಿಯಲ್ಲಿ ಬೇರೆ ಬೇರೆ. ಯಾರೊಡನೆ ಮಾತಾಡುತ್ತಾಳೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂಬುದಕ್ಕೂ ಓಲೆಗೂ ಏನು ಸಂಬಂಧ? ಇಂಥ ಮಾತು ವರದಿಯಲ್ಲಿ ನುಸುಳಿದರೆ ತಡೆಯಲು ದಾರಿಯಿದೆ. ವರದಿ ಗೋಪ್ಯವಾದರೂ ಅದರ ಸಾರಾಂಶವನ್ನು ನ್ಯಾಯಾಲಯ ಆಕೆಗೆ ತಿಳಿಸಿ, ಆಕೆಯ ಕಡೆಯ ಪುರಾವೆ ಕೇಳಬಹುದೆಂದು 7ನೆಯ ಕಲಮು ಹೇಳುತ್ತದೆ. ನಾವು ಮಕ್ಕಳ ಶಾಲೆಯ ದಾಖಲೆ, ಆಸ್ಪತ್ರೆಯ ಬಿಲ್ಲು, ಪಡಿತರ ಚೀಟಿ ಎಲ್ಲವನ್ನೂ ಜೋಡಿಸಿ ಕೊಟ್ಟೆವು. ಆಕೆ ಕೆಲಸ ಮಾಡುತ್ತಿದ್ದ ಉಳಿದೆರಡು ಮನೆಗಳಿಗೆ ಹೋದೆವು. ಒಂದು ಮನೆಯವರು ಬಾಗಿಲು ತೆರೆಯಲಿಲ್ಲ. ಇನ್ನೊಂದು ಮನೆಯ ಹಿರಿಯ ಹೆಂಗಸು ಕನ್ನಡಕ ಹಾಕಿಕೊಂಡು ತಾವೇ ಬರೆದರು: ಆರು ವರ್ಷದಿಂದ ನನ್ನ ಮನೆಯ ಬೀಗದ ಕೈ ಇವಳ ಹತ್ತಿರವಿದೆ, ಈಗಲೂ ಇರುತ್ತದೆ. ಆ ಒಂದು ಚೀಟಿ ನಮ್ಮೆಲ್ಲರ ಓಡಾಟಕ್ಕಿಂತ ಹೆಚ್ಚು ಕೆಲಸ ಮಾಡಿತು.

ನ್ಯಾಯಾಲಯ ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡು, ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬಿಟ್ಟಿತು. 5ನೆಯ ಕಲಮಿನಡಿ ಓಲೆಯ ಒಡತಿಗೆ 2,000 ರೂಪಾಯಿ ಪರಿಹಾರ ಕೊಡಲು ಹೇಳಿತು, ಆಕೆ ನಾಲ್ಕು ಕಂತಿನಲ್ಲಿ ಕಟ್ಟಿದಳು. ನಷ್ಟವಾದವರಿಗೆ ಈ ದಾರಿಯಲ್ಲೂ ಪರಿಹಾರ ಸಿಗಬಹುದು ಎಂಬುದನ್ನು ಯಜಮಾನಿತಿಯರಿಗೂ ಹೇಳಿ. ಕೆಲಸದವಳು ಜೈಲಿಗೆ ಹೋದಳೆಂದ ಮಾತ್ರಕ್ಕೆ ಅವರ ಕೈಗೆ ಕಾಸು ಬರುವುದಿಲ್ಲ. ಷರತ್ತು ಮುರಿದರೆ ಮಾತ್ರ ನ್ಯಾಯಾಲಯ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಿಗೆ 50 ರೂಪಾಯಿಯವರೆಗೆ ದಂಡ ಹಾಕಿ ಮುಂದುವರಿಸಲೂಬಹುದು. ಐವತ್ತು ರೂಪಾಯಿ 1958ರಲ್ಲಿ ಎಷ್ಟೆಂದು ನಮ್ಮ ಅಮ್ಮಂದಿರನ್ನು ಕೇಳಬೇಕು!

12ನೆಯ ಕಲಮಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 3 ಅಥವಾ 4ರಡಿ ಬಿಡುಗಡೆಯಾದವರಿಗೆ ಶಿಕ್ಷೆಯ ಕಾರಣದಿಂದ ಬೇರೆ ಕಾನೂನುಗಳಡಿ ಬರುವ ಅನರ್ಹತೆ ತಗಲುವುದಿಲ್ಲ ಎಂದು ಅದು ಹೇಳುತ್ತದೆ. ಕೆಲವರು ಇದನ್ನೇ ಹಿಡಿದು ಏನೂ ಆಗಲೇ ಇಲ್ಲವೆಂಬಂತೆ ಎಂದು ಹೇಳಿಬಿಡುತ್ತಾರೆ. ಅಪರಾಧ ನಿರ್ಣಯ ಅಳಿಸಿಹೋಗುವುದಿಲ್ಲ. 1990ರಲ್ಲಿ ಬಕ್ಷಿ ರಾಂ ಪ್ರಕರಣದಲ್ಲಿ, ಪ್ರೊಬೇಷನ್ ಸಿಕ್ಕಿದವನನ್ನೂ ಇಲಾಖೆ ಕೆಲಸದಿಂದ ತೆಗೆಯಬಹುದೆಂದು ಸುಪ್ರೀಂ ಕೋರ್ಟು ಹೇಳಿದೆ. ಆರೋಪಿ ಆಸ್ಪತ್ರೆಯ ಆಯಾ, ಅಂಗನವಾಡಿ ಸಹಾಯಕಿ, ಶಾಲೆಯ ಅಡುಗೆಯವಳು ಆಗಿದ್ದರೆ ತಪ್ಪೊಪ್ಪಿಗೆಗೆ ಮೊದಲು ಇದನ್ನು ಯೋಚಿಸಲೇಬೇಕು. ಅಂಥವರಿಗೆ, ದೂರುದಾರರು ಒಪ್ಪುವುದಾದರೆ, ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳುವುದು ಒಳ್ಳೆಯದು. ಕಾನೂನಿನ ಪ್ರಕಾರ ಆದ ರಾಜಿಯೆಂದರೆ ಖುಲಾಸೆ.

ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ತಂಗಿ ಚುಚ್ಚುವ ಪ್ರಶ್ನೆ ಕೇಳಿದಳು. ಹೆಂಡತಿಯನ್ನು ಹಿಂಸಿಸಿದ ಗಂಡನಿಗೆ ಇದೇ 4ನೆಯ ಕಲಮಿನಲ್ಲಿ ಪ್ರೊಬೇಷನ್ ಕೊಟ್ಟಾಗ ನಾವು ವಿರೋಧಿಸುತ್ತೇವೆ, ಈಗ ಕಳ್ಳರಿಗೆ ಕೊಡಿ ಎನ್ನುತ್ತೀರಲ್ಲ ಮೇಡಂ? ಪ್ರಶ್ನೆ ನ್ಯಾಯವಾದದ್ದು. 498ಎಗೆ ಮೂರು ವರ್ಷದವರೆಗೆ ಶಿಕ್ಷೆ, ಹಾಗಾಗಿ ಕಾಯಿದೆಯ ವ್ಯಾಪ್ತಿಗೆ ಅದೂ ಬರುತ್ತದೆ. ಇನ್ನೂ ಕಹಿಯಾದದ್ದೆಂದರೆ, ಪ್ರೊಬೇಷನ್ ಪರವಾಗಿ ಎಲ್ಲರೂ ಎತ್ತಿ ಹೇಳುವ 1965ರ ರತನ್ ಲಾಲ್ ತೀರ್ಪು ಏಳು ವರ್ಷದ ಹುಡುಗಿಯ ಮಾನಭಂಗಕ್ಕೆ ಯತ್ನಿಸಿದ ಹದಿನಾರರ ಹುಡುಗನಿಗೆ ಸಂಬಂಧಿಸಿದ್ದು. ತೀರ್ಪಿನ ತುಂಬ ಹುಡುಗನ ಭವಿಷ್ಯದ ಚಿಂತೆ.

ನನ್ನ ಉತ್ತರ ಹೀಗಿದೆ. ಕಲಮು ಅಪರಾಧದ ಸ್ವರೂಪವನ್ನೂ ಪ್ರಕರಣದ ಸಂದರ್ಭವನ್ನೂ ನೋಡಿ ಎನ್ನುತ್ತದೆ. ಓಲೆ ಹಿಂದಿರುಗಿದರೆ ಒಡತಿಯ ನಷ್ಟ ತುಂಬುತ್ತದೆ, ಕದ್ದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಗಂಡ ಮುಚ್ಚಳಿಕೆ ಬರೆದುಕೊಟ್ಟು ಹೋಗುವುದು ಅದೇ ಮನೆಗೆ, ಅದೇ ಅಡುಗೆಮನೆಗೆ. ಅವನ 'ಸನ್ನಡತೆ'ಯ ಬಗ್ಗೆ ವರದಿಗಾಗಿ ಅಕ್ಕಪಕ್ಕದವರನ್ನು ಕೇಳುತ್ತಾರೆಯೇ ಹೊರತು ಹೊಡೆಸಿಕೊಂಡವಳನ್ನು ಕೇಳುವುದು ಅಪರೂಪ. ಬೀದಿಯಲ್ಲಿ ಅವನು ಒಳ್ಳೆಯವನೇ. ಕೊಲ್ಲುವ ಹಿಂಸೆಗೆ ಪ್ರೊಬೇಷನ್ ಬೇಡವೇ ಬೇಡ. ಉಳಿದ ಪ್ರಕರಣಗಳಲ್ಲಿ ಹೆಂಡತಿಯ ಮಾತು ಕೇಳದೆ, ಆಕೆಯ ವಾಸಕ್ಕೂ ರಕ್ಷಣೆಗೂ ವ್ಯವಸ್ಥೆ ಮಾಡದೆ ಕೊಡಬಾರದು ಎಂಬುದು ನನ್ನ ನಿಲುವು. ನಿಮ್ಮಲ್ಲಿ ಕೆಲವರು ಇದನ್ನೂ ಒಪ್ಪುವುದಿಲ್ಲ, ಗೊತ್ತು. ಚರ್ಚಿಸೋಣ. ಆದರೆ ಗಂಡನಿಗೆ ಸುಲಭವಾಗಿ ಸಿಗುತ್ತಿದೆ ಎಂಬ ಸಿಟ್ಟಿನಲ್ಲಿ ಮನೆಗೆಲಸದವಳಿಗೆ ಅದು ಸಿಗದಂತೆ ಮಾಡಿದರೆ ಗಂಡನಿಗೇನೂ ನಷ್ಟವಿಲ್ಲ.

ಆ ಹೆಂಗಸಿನ ಮುಚ್ಚಳಿಕೆಯ ವರ್ಷ ಮುಗಿದಿದೆ. ಆ ಬೀದಿಯಲ್ಲಿ ಕನ್ನಡಕದ ಅಜ್ಜಿಯ ಮನೆಯೊಂದನ್ನು ಬಿಟ್ಟರೆ ಆಕೆಗೆ ಮತ್ತೆ ಕೆಲಸ ಸಿಗಲಿಲ್ಲ. ಈಗ ಒಂದು ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಸಂಬಳ ಮೊದಲಿಗಿಂತ ಕಡಿಮೆ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಇನ್ನು ಅರ್ಧ ಗಂಟೆ ಇದೆ. ಪ್ರೊಬೇಷನ್ ಅರ್ಜಿಯ ಮತ್ತು ಬಂಧನದ ಸಮಯ ಬರೆದುಕೊಳ್ಳುವ ಹಾಳೆಯ ನಮೂನೆಗಳನ್ನು ಹಿಂದಿನ ಸಾಲಿನಿಂದ ಹಂಚುತ್ತಿದ್ದಾರೆ. ಒಬ್ಬೊಬ್ಬರೂ ಒಂದೊಂದು ತುಂಬಿಸಿ ನೋಡಿ. ಎಲ್ಲಿ ತೊಡಕಾಯಿತೋ ಅಲ್ಲಿ ಕೈ ಎತ್ತಿ.